ದರಕ್ಕೆ ಮಾತ್ರ ಕಾವಲು ಸಾಲದು: ಎಫ್‌ಸಿಸಿಗೆ ಒಬ್ಬ ಸ್ಯಾಟಲೈಟ್ ರೇಡಿಯೋ ಚಂದಾದಾರನ ಬಹಿರಂಗ ಪತ್ರ

ಬ್ಲೂಮಿಂಗ್ಟನ್, ಇಲಿನಾಯ್
2008 ಜುಲೈ 6

ಅಮೆರಿಕದ ರೇಡಿಯೋ, ಟಿವಿ, ದೂರಸಂಪರ್ಕಗಳನ್ನು ನಿಯಂತ್ರಿಸುವ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್‌ನ (ಎಫ್‌ಸಿಸಿ) ಅಧ್ಯಕ್ಷರಾದ ಕೆವಿನ್ ಮಾರ್ಟಿನ್ ಅವರಿಗೆ, ಸದಸ್ಯರಾದ ಮೈಕೆಲ್ ಕಾಪ್ಸ್, ಜೊನಾಥನ್ ಅಡೆಲ್‌ಸ್ಟೈನ್, ಡೆಬೊರಾ ಟೇಟ್ ಮತ್ತು ರಾಬರ್ಟ್ ಮೆಕ್‌ಡೊವೆಲ್ ಅವರಿಗೆ,

ಮಾನ್ಯರೇ,

ನಮ್ಮ ಮನೆಗೆ ಪ್ರತಿ ತಿಂಗಳು ಎರಡು ರೇಡಿಯೋ ಬಿಲ್ ಬರುತ್ತವೆ. ಎರಡೂ ಉಪಗ್ರಹದಿಂದ ಪ್ರಸಾರ ಮಾಡುವ, ಚಂದಾ ಕಟ್ಟಿ ಕೇಳಬೇಕಾದ ರೇಡಿಯೋ ಕಂಪನಿಗಳವು. ನನ್ನ ಹೋಂಡಾ ಕಾರಿನಲ್ಲಿ ಎಕ್ಸ್‌ಎಂ ಇದೆ. ಹೆಂಡತಿಯ ಡಾಡ್ಜ್ ವ್ಯಾನಿನಲ್ಲಿ ಸಿರಿಯಸ್ ಇದೆ. ಇವೆರಡನ್ನೂ ನಾವು ಕೂತು ಆರಿಸಿಕೊಂಡದ್ದಲ್ಲ. ನಾವು ಆರಿಸಿದ್ದು ಕಾರು. ರೇಡಿಯೋ ಅದರ ಜೊತೆಗೇ ಬಂತು. ಒಂದಕ್ಕೆ ತಿಂಗಳಿಗೆ 12.95 ಡಾಲರ್, ಇನ್ನೊಂದಕ್ಕೂ ಅಷ್ಟೇ. ಮಗನಿಗೆ ಬೇಸ್‌ಬಾಲ್ ಕಾಮೆಂಟರಿ ಬೇಕಾದರೆ ನನ್ನ ಕಾರಿನಲ್ಲಿ ಬಂದು ಕೂರುತ್ತಾನೆ. ಎನ್‌ಎಫ್‌ಎಲ್ ಫುಟ್‌ಬಾಲ್ ಬೇಕಾದರೆ ಅಮ್ಮನ ವ್ಯಾನ್ ಹತ್ತುತ್ತಾನೆ.

ಈ ಎರಡು ಕಂಪನಿಗಳು ಒಂದಾಗುತ್ತೇವೆ ಅಂತ ಹೇಳಿದ್ದು 2007ರ ಫೆಬ್ರವರಿ 19ರಂದು. ಹದಿನಾರು ತಿಂಗಳು ದಾಟಿತು. ನ್ಯಾಯ ಇಲಾಖೆ ಈ ಮಾರ್ಚ್ 24ರಂದೇ ತನ್ನ ತನಿಖೆ ಮುಗಿಸಿ, ತಡೆಯುವುದಿಲ್ಲ ಅಂತ ಹೇಳಿಬಿಟ್ಟಿದೆ. ಈಗ ಉಳಿದಿರುವುದು ನಿಮ್ಮ ಐದು ಮತ. ಅಧ್ಯಕ್ಷರು ಕೆಲವು ಷರತ್ತು ಹಾಕಿ ಒಪ್ಪಿಗೆ ಕೊಡೋಣ ಅಂತ ಕಳೆದ ತಿಂಗಳು ಹೇಳಿದ್ದಾರೆ. ಆ ಷರತ್ತುಗಳ ಬಗ್ಗೆಯೇ ಈ ಪತ್ರ.

ಇಂಗ್ಲಿಷಿನಲ್ಲಿ ನಾನು ಹೇಳಬೇಕಾದ್ದನ್ನು ನಿಮ್ಮ 07-57 ಸಂಖ್ಯೆಯ ಕಡತಕ್ಕೆ ಆಗಲೇ ಕಳಿಸಿದ್ದೇನೆ. ಅಲ್ಲಿ ಸಾವಿರಾರು ಪತ್ರಗಳಿವೆ. ನನ್ನದೂ ಅವುಗಳ ನಡುವೆ ಎಲ್ಲೋ ಇದೆ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ನನ್ನ ಹಾಗೆ ಈ ದೇಶದ ಹೆದ್ದಾರಿಗಳಲ್ಲಿ ಗಂಟೆಗಟ್ಟಲೆ ಗಾಡಿ ಓಡಿಸುವ ಕನ್ನಡಿಗರೂ ಓದಲಿ ಅಂತ. ವಿಲೀನದ ಸುದ್ದಿ ಬಂದಾಗೆಲ್ಲ ನಮ್ಮವರು ಶೇರು ಏರುತ್ತಾ ಇಳಿಯುತ್ತಾ ಅಂತ ಮಾತಾಡುತ್ತಾರೆ. ಚಂದಾದಾರನಿಗೆ ಏನಾಗುತ್ತೆ ಅಂತ ಯಾರೂ ಕೇಳುವುದಿಲ್ಲ.

ಮೊದಲು ಈ ರೇಡಿಯೋ ನನಗೆ ಏನು ಅಂತ ಹೇಳುತ್ತೇನೆ.

ಬ್ಲೂಮಿಂಗ್ಟನ್‌ನಿಂದ ಶಿಕಾಗೋಗೆ ಐ-55 ಹೆದ್ದಾರಿಯಲ್ಲಿ ಹೋದರೆ ಎರಡು ಗಂಟೆಗಿಂತ ಜಾಸ್ತಿ. ಎರಡೂ ಕಡೆ ಜೋಳ, ಸೋಯಾ, ಮತ್ತೆ ಜೋಳ. ಪಾಂಟಿಯಾಕ್ ದಾಟುವ ಹೊತ್ತಿಗೆ ನಮ್ಮೂರಿನ ಎಫ್‌ಎಂ ಗೊರಗೊರ ಅನ್ನುತ್ತದೆ. ಡ್ವೈಟ್ ಹತ್ತಿರ ಎರಡು ಸ್ಟೇಷನ್ ಒಂದರ ಮೇಲೊಂದು ಬಿದ್ದು ಏನೂ ಕೇಳಿಸದು. ಆದರೆ ಆ ಪುಟ್ಟ ಆಂಟೆನಾ ದಕ್ಷಿಣದ ಆಕಾಶದಲ್ಲಿರುವ ಉಪಗ್ರಹವನ್ನು ಬಿಡುವುದೇ ಇಲ್ಲ. ಮನೆಯಿಂದ ಹೊರಟಾಗ ಹಾಕಿದ ಚಾನೆಲ್ ಶಿಕಾಗೋದ ಎತ್ತರದ ಕಟ್ಟಡಗಳ ನಡುವೆಯೂ ನಡೆಯುತ್ತಿರುತ್ತದೆ. ಅಲ್ಲಿ ಉಪಗ್ರಹದ ಪ್ರಸಾರವನ್ನು ನೆಲದಿಂದ ಮತ್ತೆ ಬಿತ್ತರಿಸುವ ರಿಪೀಟರ್‌ಗಳು ಕೈ ಹಿಡಿಯುತ್ತವೆ.

2006ರ ಬೇಸಿಗೆಯಲ್ಲಿ ನಮ್ಮ ಅಪ್ಪ ಮೈಸೂರಿನಿಂದ ಬಂದರು. ಓಹೇರ್ ವಿಮಾನ ನಿಲ್ದಾಣದಿಂದ ಕರೆದುಕೊಂಡು ಬರುವಾಗ ರಾತ್ರಿ ಹನ್ನೊಂದಾಗಿತ್ತು. ಇಡೀ ದಿನ ವಿಮಾನದಲ್ಲಿ ಕೂತು ಬಂದವರು. ಮಲಗಿದ್ದಾರೆ ಅಂದುಕೊಂಡು ದನಿ ತಗ್ಗಿಸಿ ಎಕ್ಸ್‌ಎಂನ 72ನೇ ಚಾನೆಲ್ ಹಾಕಿದ್ದೆ. ಬಿಯಾಂಡ್ ಜಾಝ್ ಅಂತ ಅದರ ಹೆಸರು. ಯಾರೋ ಸ್ಯಾಕ್ಸೋಫೋನ್ ನುಡಿಸುತ್ತಿದ್ದರು. ಅಪ್ಪ ಕಣ್ಣು ಮುಚ್ಚಿಕೊಂಡೇ, "ಸ್ವಲ್ಪ ಜೋರು ಮಾಡೋ. ಇದು ಮೋಹನ ಕಣೋ" ಅಂದರು. ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನುಡಿಸುತ್ತಿದ್ದವನಿಗೆ ಮೋಹನ ರಾಗ ಅನ್ನುವ ಹೆಸರು ಗೊತ್ತಿತ್ತೋ ಇಲ್ಲವೋ. ಐದೇ ಸ್ವರ, ಅದು ಎಲ್ಲರ ಸ್ವತ್ತು. ಅಪ್ಪ ಇಲ್ಲಿದ್ದ ಮೂರು ತಿಂಗಳೂ ಕಾರು ಹತ್ತಿದ ಕೂಡಲೇ "ಆ ಎಪ್ಪತ್ತೆರಡು ಹಾಕು" ಅನ್ನುತ್ತಿದ್ದರು.

ಇಂಥ ಚಾನೆಲ್ ಎಫ್‌ಎಂನಲ್ಲಿ ಬರುವುದಿಲ್ಲ. ಅಷ್ಟು ಕಮ್ಮಿ ಜನ ಕೇಳುವ ಸಂಗೀತಕ್ಕೆ ಜಾಹೀರಾತು ಕೊಡುವವರು ಯಾರು? ಚಂದಾ ಕಟ್ಟುವ ಜನ ದೇಶದ ಉದ್ದಗಲಕ್ಕೂ ಇರುವುದರಿಂದ ಅದು ಬದುಕಿದೆ. ಕ್ಯಾನ್ಸಸ್‌ನಲ್ಲಿ ನೂರು ಜನ, ಮೇನ್‌ನಲ್ಲಿ ಐವತ್ತು ಜನ, ಇಲ್ಲಿ ನಾನು. ಹೀಗೆ ಚದುರಿದವರನ್ನೆಲ್ಲ ಒಂದು ಕಡೆ ಸೇರಿಸಿದ್ದೇ ಸ್ಯಾಟಲೈಟ್ ರೇಡಿಯೋ ಮಾಡಿದ ದೊಡ್ಡ ಕೆಲಸ.

ಈಗ ವಿಲೀನದ ಮಾತಿಗೆ ಬರುತ್ತೇನೆ.

ಹಳೆಯ ಮಾತೊಂದನ್ನು ನಿಮಗೆ ನೆನಪು ಮಾಡಬೇಕು. 1997ರಲ್ಲಿ ನಿಮ್ಮ ಆಯೋಗ ಸ್ಯಾಟಲೈಟ್ ರೇಡಿಯೋದ ತರಂಗಗಳನ್ನು ಹರಾಜು ಹಾಕಿತು. 2320ರಿಂದ 2345 ಮೆಗಾಹರ್ಟ್ಸ್‌ವರೆಗಿನ ಪಟ್ಟಿ. ಅದನ್ನು ಸಮನಾಗಿ ಎರಡು ಮಾಡಿ ಇಬ್ಬರಿಗೆ ಕೊಟ್ಟಿರಿ. ಒಬ್ಬರು ಸುಮಾರು 9 ಕೋಟಿ ಡಾಲರ್ ಕೊಟ್ಟರು, ಇನ್ನೊಬ್ಬರು 8 ಕೋಟಿಗೂ ಜಾಸ್ತಿ. ಆಗ ನೀವೇ ಎರಡು ಮಾತು ಬರೆದಿದ್ದಿರಿ. ಒಂದು, ಇಬ್ಬರಲ್ಲಿ ಒಬ್ಬರು ಇನ್ನೊಬ್ಬರನ್ನು ಕೊಂಡುಕೊಳ್ಳುವ ಹಾಗಿಲ್ಲ. ಎರಡು, ಇಬ್ಬರ ಪ್ರಸಾರವನ್ನೂ ಹಿಡಿಯುವಂಥ ರೇಡಿಯೋ ಮಾಡಬೇಕು.

ಎರಡನೆಯ ಮಾತನ್ನೇ ಮೊದಲು ನೋಡೋಣ. ಅಂಥ ರೇಡಿಯೋವನ್ನು ಜೊತೆಯಾಗಿ ತಯಾರಿಸುತ್ತೇವೆ ಅಂತ ಎರಡೂ ಕಂಪನಿ 2000ದಲ್ಲಿ ಹೇಳಿದವು. ಎಂಟು ವರ್ಷ ಆಯಿತು. ನಾನು ಇವತ್ತು ಅಂಗಡಿಗೆ ಹೋಗಿ ಎರಡೂ ಬರುವ ರೇಡಿಯೋ ಕೊಡಿ ಅಂದರೆ ಸಿಗುವುದಿಲ್ಲ. ಎಕ್ಸ್‌ಎಂ ಡಬ್ಬ ಸಿರಿಯಸ್ ಹಿಡಿಯುವುದಿಲ್ಲ, ಸಿರಿಯಸ್ ಡಬ್ಬ ಎಕ್ಸ್‌ಎಂ ಹಿಡಿಯುವುದಿಲ್ಲ. ಒಂದರ ಉಪಗ್ರಹಗಳು ಸಮಭಾಜಕದ ಮೇಲೆ ನಿಂತಲ್ಲೇ ನಿಂತಂತಿವೆ. ಇನ್ನೊಂದರ ಮೂರು ಉಪಗ್ರಹಗಳು ಉದ್ದನೆಯ ದಾರಿಯಲ್ಲಿ ಸುತ್ತುತ್ತಾ ಸರದಿಯ ಮೇಲೆ ಉತ್ತರ ಅಮೆರಿಕದ ಮೇಲೆ ಬರುತ್ತವೆ. ತಂತ್ರಜ್ಞಾನ ಬೇರೆ, ಒಪ್ಪುತ್ತೇನೆ. ಆದರೆ ಎರಡನ್ನೂ ಒಂದೇ ಡಬ್ಬದಲ್ಲಿ ಕೂಡಿಸುವುದು ಆಗದ ಕೆಲಸವೇನಲ್ಲ. ವಿಲೀನಕ್ಕೆ ಒಪ್ಪಿದರೆ ಮಾಡಿಕೊಡುತ್ತೇವೆ ಅಂತ ಈಗ ಅವರೇ ಹೇಳುತ್ತಿದ್ದಾರಲ್ಲ!

ಹೀಗಾಗಿ ನಾವು ಕೊಂಡ ಡಬ್ಬಕ್ಕೆ ಕಟ್ಟುಬಿದ್ದೆವು. ನನಗೆ ಎಕ್ಸ್‌ಎಂ ಬೇಡ ಅನಿಸಿದರೆ ಡ್ಯಾಶ್‌ಬೋರ್ಡ್ ಕಿತ್ತು ಬೇರೆ ರೇಡಿಯೋ ಹಾಕಿಸಬೇಕು. ಯಾರು ಹಾಕಿಸುತ್ತಾರೆ? ಸುಮ್ನೆ ಇರುತ್ತೇವೆ.

ನ್ಯಾಯ ಇಲಾಖೆಯ ಹೇಳಿಕೆ ಓದಿದಾಗ ನನಗೆ ನಿಜಕ್ಕೂ ಬೇಜಾರಾದದ್ದು ಇಲ್ಲಿ. ಅವರು ಕೊಟ್ಟ ಕಾರಣಗಳಲ್ಲಿ ಒಂದು ಹೀಗಿತ್ತು: ಒಮ್ಮೆ ರೇಡಿಯೋ ಕೊಂಡ ಚಂದಾದಾರ ಆ ಕಡೆಯಿಂದ ಈ ಕಡೆಗೆ ಹೋಗುವುದೇ ಕಮ್ಮಿ, ಡಬ್ಬಗಳು ಒಂದಕ್ಕೊಂದು ಹೊಂದುವುದಿಲ್ಲ. ಹಾಗಾಗಿ ಇರುವ ಚಂದಾದಾರರ ಮಟ್ಟಿಗೆ ಈ ಎರಡು ಕಂಪನಿಗಳ ನಡುವೆ ಹೇಳಿಕೊಳ್ಳುವಂಥ ಪೈಪೋಟಿ ಇಲ್ಲ. ಪೈಪೋಟಿಯೇ ಇಲ್ಲದ ಮೇಲೆ ವಿಲೀನದಿಂದ ಹೋಗುವುದೇನು?

ನಮ್ಮನ್ನು ಕಟ್ಟಿಹಾಕಿದ ಹಗ್ಗವೇ ನಮ್ಮ ವಿರುದ್ಧ ಸಾಕ್ಷಿಯಾಯಿತು. 1997ರ ನಿಮ್ಮ ನಿಯಮ ನಡೆದಿದ್ದರೆ ನಾವು ಆ ಕಡೆ ಈ ಕಡೆ ಓಡಾಡುತ್ತಿದ್ದೆವು. ಆಗ ಪೈಪೋಟಿ ಇದೆ ಅಂತ ಇಲಾಖೆ ಬರೆಯಬೇಕಾಗುತ್ತಿತ್ತು. ನಿಯಮ ನಡೆಸದೆ ಬಿಟ್ಟದ್ದರ ಲಾಭ ನಿಯಮ ನಡೆಸದವರಿಗೇ ಸಿಗಬಾರದು. ಇದನ್ನು ನ್ಯಾಯ ಇಲಾಖೆ ಸರಿಮಾಡಲಾರದು. ಅದರ ಕೆಲಸ ಪೈಪೋಟಿಯ ಕಾನೂನು ನೋಡುವುದಷ್ಟೇ. ಸಾರ್ವಜನಿಕರ ಹಿತ ನೋಡುವ ಕೆಲಸ ನಿಮ್ಮದು. ಕಂಪನಿಗಳು ಅರ್ಜಿ ತಂದಾಗ ದಾಟಬೇಕಾದ ಅಡ್ಡಗೋಡೆ ಎತ್ತರದ್ದು ಅಂತ ಅಧ್ಯಕ್ಷರೇ ಹೇಳಿದ್ದರು. ಆ ಮಾತು ನನಗೆ ಧೈರ್ಯ ಕೊಟ್ಟಿತ್ತು.

ಈಗ ದರದ ವಿಷಯ. ಮೂರು ವರ್ಷ 12.95 ಡಾಲರ್ ಏರಿಸುವುದಿಲ್ಲ ಅಂತ ಷರತ್ತು. ಕೇಳಲು ಚೆನ್ನಾಗಿದೆ. ನನ್ನ ಹೆಂಡತಿಯೂ "ಮತ್ತೇನು ಬೇಕು ನಿಮಗೆ?" ಅಂದಳು.

ಆದರೆ ಈ ಎರಡು ಕಂಪನಿಗಳು ದರದಲ್ಲಿ ಯಾವತ್ತು ಪೈಪೋಟಿ ಮಾಡಿದ್ದವು? ಎಕ್ಸ್‌ಎಂ 2001ರಲ್ಲಿ ಶುರುವಾದಾಗ 9.99 ಡಾಲರ್ ಇತ್ತು. ಸಿರಿಯಸ್ 12.95 ಇಟ್ಟಿತ್ತು. ಪೈಪೋಟಿ ಇದ್ದರೆ ಸಿರಿಯಸ್ ಇಳಿಯಬೇಕಿತ್ತು, ಅಲ್ವಾ? ಆಗಿದ್ದೇ ಬೇರೆ. 2005ರ ಏಪ್ರಿಲ್‌ನಲ್ಲಿ ಎಕ್ಸ್‌ಎಂ ತಾನೂ 12.95ಕ್ಕೆ ಏರಿತು. ಅವರು ಜಿದ್ದಿಗೆ ಬಿದ್ದಿದ್ದು ಕಾರ್ಯಕ್ರಮದಲ್ಲಿ. ಒಬ್ಬರು ಬೇಸ್‌ಬಾಲ್‌ಗೆ ಹನ್ನೊಂದು ವರ್ಷಕ್ಕೆ 65 ಕೋಟಿ ಡಾಲರ್ ಕೊಟ್ಟರು. ಇನ್ನೊಬ್ಬರು ಹೆಸರಾಂತ ರೇಡಿಯೋ ಮಾತುಗಾರ ಹೋವರ್ಡ್ ಸ್ಟರ್ನ್‌ಗೆ ಐದು ವರ್ಷಕ್ಕೆ 50 ಕೋಟಿ ಅಂದರು. ಅದು ದೊಡ್ಡ ಹೆಸರುಗಳ ಮಾತಾಯಿತು. ನಮ್ಮಂಥವರಿಗೆ ಮುಖ್ಯವಾದದ್ದು ಸಣ್ಣ ಜಿದ್ದು. ಅವರಲ್ಲಿ ಜಾಝ್ ಇದೆಯಾ, ನಮ್ಮಲ್ಲಿ ಎರಡು ಬಗೆಯ ಜಾಝ್ ಇರಲಿ. ಅವರಲ್ಲಿ ಒಪೆರಾ ಇದೆಯಾ, ನಮ್ಮಲ್ಲೂ ಇರಲಿ. ಒಂದರಲ್ಲಿ 170ರಷ್ಟು ಚಾನೆಲ್, ಇನ್ನೊಂದರಲ್ಲಿ 130ಕ್ಕೂ ಜಾಸ್ತಿ ಆದದ್ದು ಹೀಗೆ. 72ನೇ ಚಾನೆಲ್ ಹುಟ್ಟಿದ್ದೂ ಇಂಥ ಜಿದ್ದಿನಲ್ಲೇ ಅಂತ ನನ್ನ ನಂಬಿಕೆ.

ಅಂದರೆ ಎರಡು ಕಂಪನಿ ಇದ್ದುದರಿಂದ ನಮಗೆ ಸಿಕ್ಕ ಲಾಭ ದರದ್ದಲ್ಲ, ಚಾನೆಲ್‌ಗಳದ್ದು. ಷರತ್ತು ಕಾವಲು ಕಾಯುವುದು ದರವನ್ನು. ಕಳೆದುಹೋಗಲಿರುವ ವಸ್ತು ಒಂದು, ಬೀಗ ಹಾಕುತ್ತಿರುವುದು ಇನ್ನೊಂದಕ್ಕೆ.

ಒಂದಾದ ಕಂಪನಿ ಮೊದಲು ಮಾಡುವ ಕೆಲಸ ಏನು ಅಂತ ಊಹಿಸುವುದು ಕಷ್ಟವಲ್ಲ. ಒಂದೇ ಥರ ಕಾಣುವ ಚಾನೆಲ್‌ಗಳನ್ನು ಪಟ್ಟಿ ಮಾಡಿ ಅರ್ಧ ತೆಗೆಯುತ್ತಾರೆ. ಎರಡು ಸ್ಟುಡಿಯೋ ಯಾಕೆ, ಇಬ್ಬರು ನಿರೂಪಕರು ಯಾಕೆ? ಉಳಿತಾಯ ಆಗುವುದೇ ಇಲ್ಲಿ. ಹಾಗಂತ ಕಂಪನಿಗಳೇ ಹೂಡಿಕೆದಾರರಿಗೆ ಹೇಳುತ್ತಿವೆ. ಪಟ್ಟಿಯಲ್ಲಿ "ಒಂದೇ ಥರ" ಅನ್ನುವುದು ಕೇಳುವವನ ಕಿವಿಗೆ ಒಂದೇ ಥರ ಅಲ್ಲ.

ಜೋಲಿಯೆಟ್ ಹತ್ತಿರದ ಟ್ರಕ್ ಸ್ಟಾಪ್ ಒಂದರಲ್ಲಿ ನಾನು ಕಾಫಿಗೆ ನಿಲ್ಲುತ್ತೇನೆ. ಅಲ್ಲಿ ಒಬ್ಬ ಪಂಜಾಬಿ ಟ್ರಕ್ ಡ್ರೈವರ್ ಪರಿಚಯ. ವಾರಕ್ಕೆ ಐದು ರಾತ್ರಿ ಗಾಡಿಯಲ್ಲೇ ಮಲಗುವವರು. ಅವರ ಕ್ಯಾಬಿನ್ನಿನಲ್ಲಿ ಎಕ್ಸ್‌ಎಂನ 171, ಓಪನ್ ರೋಡ್. ಟ್ರಕ್ಕಿನವರಿಗಾಗಿಯೇ ಇರುವ ಚಾನೆಲ್. ಸಿರಿಯಸ್‌ನಲ್ಲೂ ಟ್ರಕ್ಕಿನವರಿಗೆ ಒಂದಿದೆ, ರೋಡ್ ಡಾಗ್. ಎರಡೂ ಒಂದೇ ಅಲ್ವಾ ಅಂತ ನಾನು ಕೇಳಿದೆ. ಅವರು ತಲೆ ಅಲ್ಲಾಡಿಸಿದರು. "ಭಾಯ್‌ಸಾಬ್, ರಾತ್ರಿ ಎರಡು ಗಂಟೆಗೆ ಮಾತಾಡುವವನ ದನಿ ಅಭ್ಯಾಸ ಆಗಿರುತ್ತೆ. ನಿದ್ದೆ ಬರದ ಹಾಗೆ ನೋಡಿಕೊಳ್ಳುವುದೇ ಆ ದನಿ" ಅಂದರು. ಡೀಸೆಲ್ ಬೆಲೆ ನೋಡಿದರೆ ಅವರು ಬೇರೆ ಯಾವುದಕ್ಕೂ ಖರ್ಚು ಮಾಡುವ ಸ್ಥಿತಿಯಲ್ಲಿಲ್ಲ. ಪೆಟ್ರೋಲೇ ಗ್ಯಾಲನ್‌ಗೆ ನಾಲ್ಕು ಡಾಲರ್ ದಾಟಿದೆ. ಆದರೂ ತಿಂಗಳ 12.95 ಮಾತ್ರ ತಪ್ಪಿಸುವುದಿಲ್ಲ. ಪಟ್ಟಿ ಮಾಡುವವರಿಗೆ ಅವರ ಚಾನೆಲ್ ಒಂದು ಸಾಲು ಅಷ್ಟೇ.

ದರದ ಬೀಗವೂ ಗಟ್ಟಿಯಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ನಾವು ಬೇರೆ ರಾಜ್ಯದಲ್ಲಿದ್ದೆವು. ಅಲ್ಲಿನ ಕೇಬಲ್ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡಿತು. "ನಿಮ್ಮ ದರದಲ್ಲಿ ಯಾವ ಬದಲಾವಣೆಯೂ ಇಲ್ಲ" ಅಂತ ಚೆಂದದ ಕಾಗದ ಬಂತು. ನಿಜ, ದರ ಬದಲಾಗಲಿಲ್ಲ. ಬಿಲ್ಲಿನಲ್ಲಿ ಅದರ ಕೆಳಗೆ ಹೊಸ ಸಾಲುಗಳು ಹುಟ್ಟಿದವು. ಮೊದಲು ಒಂದು "ಸೇವಾ ಶುಲ್ಕ". ಆಮೇಲೆ ನಾವು ನೋಡುತ್ತಿದ್ದ ಮೂರು ಚಾನೆಲ್ ಬೇರೆ ಪ್ಯಾಕೇಜಿಗೆ ಹೋದವು. ಅವು ಬೇಕಾದರೆ ಹೊಸ ಬಾಕ್ಸ್, ಬಾಕ್ಸಿಗೆ ತಿಂಗಳ ಬಾಡಿಗೆ. ಒಂದು ಭಾನುವಾರ ಹೆಂಡತಿ ಅಡಿಗೆಮನೆ ಮೇಜಿನ ಮೇಲೆ ಆರು ತಿಂಗಳ ಬಿಲ್ ಹರಡಿ ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತಾ ಕೂತಳು. ಮೊದಲ ಸಾಲು ಆರೂ ಬಿಲ್ಲಿನಲ್ಲಿ ಒಂದೇ. ಕೊನೆಯ ಸಾಲು ಮಾತ್ರ ಪ್ರತಿ ಬಾರಿಯೂ ಬೇರೆ. ಬೇಡ ಅಂತ ಹೇಳಲು ಫೋನ್ ಮಾಡಿದೆ. ನಲವತ್ತು ನಿಮಿಷ ಮ್ಯೂಸಿಕ್ ಕೇಳಿಸಿ, ಮೂರು ಜನರ ಕೈ ದಾಟಿಸಿ, ಕೊನೆಗೆ "ಅವಧಿಗೆ ಮುಂಚೆ ಬಿಟ್ಟರೆ ದಂಡ" ಅಂದರು.

ಆದ್ದರಿಂದ 12.95 ಅನ್ನುವ ಅಂಕಿಯನ್ನು ನೀವು ಕಟ್ಟಿಹಾಕಿದರೆ ಸಾಲದು. ಇಡೀ ಬಿಲ್ಲನ್ನು ಕಟ್ಟಬೇಕು. ರೇಡಿಯೋ ಶುರುಮಾಡಿಸುವ ಆಕ್ಟಿವೇಷನ್ ಶುಲ್ಕ ಇದೆ. ಒಂದೇ ಮನೆಯ ಎರಡನೆಯ ರೇಡಿಯೋಗೆ ಈಗ 6.99 ಡಾಲರ್ ರಿಯಾಯಿತಿ ದರ ಇದೆ. ಅದು ಏರಿದರೆ "ದರ ಏರಿಲ್ಲ" ಅಂತಲೇ ಹೇಳಬಹುದು. ಇದಕ್ಕಿಂತ ದೊಡ್ಡದು ಹಾಡಿನ ರಾಯಲ್ಟಿ. ಹಾಡಿದವರಿಗೆ ಸ್ಯಾಟಲೈಟ್ ರೇಡಿಯೋ ಕಂಪನಿ ಕೊಡಬೇಕಾದ ಪಾಲನ್ನು ಕಾಪಿರೈಟ್ ರಾಯಲ್ಟಿ ಮಂಡಳಿ ಕಳೆದ ಚಳಿಗಾಲದಲ್ಲಿ ತೀರ್ಮಾನಿಸಿತು. ಈಗ ಆದಾಯದ ನೂರಕ್ಕೆ 6. ಅಲ್ಲಿಂದ ವರ್ಷವರ್ಷ ಏರಿ 2012ಕ್ಕೆ ನೂರಕ್ಕೆ 8. ಹಾಡಿದವರಿಗೆ ದುಡ್ಡು ಸೇರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಏರಿಕೆಯನ್ನು "ರಾಯಲ್ಟಿ ಶುಲ್ಕ" ಅಂತ ಬೇರೆ ಸಾಲು ಮಾಡಿ ನಮ್ಮ ಬಿಲ್ಲಿಗೆ ಸೇರಿಸಿದರೆ? ದರಕ್ಕೆ ಬೀಗ ಹಾಗೇ ಇರುತ್ತದೆ, ನಮ್ಮ ಜೇಬು ಮಾತ್ರ ಖಾಲಿ. ಇಂಥ ಸಾಲು ಹಾಕಬಹುದೋ ಬಾರದೋ, ಹಾಕಿದರೆ ಎಷ್ಟರವರೆಗೆ ಅಂತ ನಿಮ್ಮ ಆದೇಶದಲ್ಲೇ ಬರೆಯಿರಿ. ಆಮೇಲೆ ತಕರಾರು ತೆಗೆದು ಪ್ರಯೋಜನವಿಲ್ಲ.

ಇನ್ನು ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳುವ ಯೋಜನೆ. 6.99 ಡಾಲರಿಗೆ 50 ಚಾನೆಲ್, ಅದರ ಮೇಲೆ ಒಂದೊಂದಕ್ಕೆ 25 ಸೆಂಟ್. ಕಳೆದ ವರ್ಷ ಜುಲೈನಲ್ಲಿ ಕಂಪನಿಗಳು ಇದನ್ನು ಹೇಳಿದಾಗ ನಾನೂ ಖುಷಿಪಟ್ಟೆ. ಅಪ್ಪನ 72, ಬಿಬಿಸಿ, ಮಗನ ಬೇಸ್‌ಬಾಲ್. ಇನ್ನೇನು ಬೇಕು ಅಂದುಕೊಂಡೆ. ಆಮೇಲೆ ಕೆಳಗಿನ ಸಾಲು ಓದಿದೆ. ಅದಕ್ಕೆ ಹೊಸ ರೇಡಿಯೋ ಬೇಕು! ಕಳೆದ ವರ್ಷದ ಕೊನೆಗೆ ಎರಡೂ ಸೇರಿ 1 ಕೋಟಿ 70 ಲಕ್ಷಕ್ಕೂ ಜಾಸ್ತಿ ಚಂದಾದಾರರಿದ್ದರು. ಅವರಲ್ಲಿ ಎಷ್ಟೋ ಜನರ ರೇಡಿಯೋ ಕಾರಿನ ಡ್ಯಾಶ್‌ಬೋರ್ಡಿನೊಳಗೇ ಇದೆ. ಆ ಕಾರು ಇನ್ನೂ ಹತ್ತು ವರ್ಷ ಓಡುತ್ತದೆ. ಅವರಿಗೆ ಈ ಆಯ್ಕೆ ಕಾಗದದ ಮೇಲೆ ಮಾತ್ರ. ಇರುವ ರೇಡಿಯೋದಲ್ಲೇ, ಕಂಪನಿಯ ಕಂಪ್ಯೂಟರಿನಿಂದ ಚಾನೆಲ್ ತೆರೆದು ಮುಚ್ಚಿ ಎಷ್ಟರಮಟ್ಟಿಗೆ ಈ ಆಯ್ಕೆ ಕೊಡಬಹುದು ಅನ್ನುವುದನ್ನು ಅವರಿಂದ ಬರವಣಿಗೆಯಲ್ಲಿ ಕೇಳಿ. ಎರಡರ ಒಳ್ಳೆಯದನ್ನೂ ಸೇರಿಸಿ 16.99 ಡಾಲರಿಗೆ ಕೊಡುತ್ತಾರಂತೆ. ಎರಡು ಚಂದಾ ಕಟ್ಟುವ ನಮ್ಮ ಮನೆಗೆ ಅದರಿಂದ ಉಳಿತಾಯ ಆಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ "ಒಳ್ಳೆಯದು" ಯಾವುದು ಅಂತ ಆರಿಸುವವರು ಅವರು.

ಹಾಗಾದರೆ ವಿಲೀನ ಬೇಡವೇ ಬೇಡ ಅಂತ ಹೇಳುತ್ತಿದ್ದೇನಾ? ಇಲ್ಲ. ರೇಡಿಯೋ, ಟಿವಿ ಪ್ರಸಾರ ಕೇಂದ್ರಗಳ ಸಂಘ ಬೇಡ ಅನ್ನುತ್ತಿದೆ, ಅವರ ಲೆಕ್ಕ ಅವರಿಗೆ. ನನ್ನ ಯೋಚನೆಯನ್ನು ಬದಲಿಸಿದ್ದು ಮೈಸೂರಿನಲ್ಲಿರುವ ಒಂದು ಪುಟ್ಟ ರೇಡಿಯೋ.

ಅಪ್ಪ ಇಲ್ಲಿಂದ ವಾಪಸು ಹೋದ ಮೇಲೆ ಅಲ್ಲಿ ವರ್ಲ್ಡ್‌ಸ್ಪೇಸ್ ಅನ್ನುವ ಕಂಪನಿಯ ಸ್ಯಾಟಲೈಟ್ ರೇಡಿಯೋ ಕೊಂಡರು. ನಡುಮನೆಯ ಪೂರ್ವದ ಕಿಟಕಿಯಲ್ಲಿ ಅಂಗೈಯಗಲದ ಆಂಟೆನಾ ಇಟ್ಟಿದ್ದಾರೆ. ಅದು ಏಷ್ಯಾಸ್ಟಾರ್ ಉಪಗ್ರಹದ ಕಡೆ ಮುಖ ಮಾಡಿರಬೇಕು. ಕೆಲಸದವಳು ಕಿಟಕಿ ಒರೆಸುವಾಗ ಒಂದಿಷ್ಟು ಸರಿಸಿದರೂ ದನಿ ನಿಲ್ಲುತ್ತದೆ. ಅದಕ್ಕೇ ಅಪ್ಪ ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಮಾಡಿದ್ದಾರೆ. ಬೆಳಗ್ಗೆ ಶ್ರುತಿ ಚಾನೆಲ್‌ನಲ್ಲಿ ಕರ್ನಾಟಕ ಸಂಗೀತ, ಸಂಜೆ ಸ್ಪರ್ಶದಲ್ಲಿ ಕನ್ನಡ ಹಾಡು. ಅಮೆರಿಕದ ಎಕ್ಸ್‌ಎಂಗೂ ಇದಕ್ಕೂ ನಂಟಿದೆ. ಎಕ್ಸ್‌ಎಂ ಕಟ್ಟುವ ಮೊದಲ ದಿನಗಳಲ್ಲಿ ವರ್ಲ್ಡ್‌ಸ್ಪೇಸ್ ಪಾಲುದಾರನಾಗಿತ್ತು. 2005ರಲ್ಲಿ ಎಕ್ಸ್‌ಎಂ ತಿರುಗಿ ವರ್ಲ್ಡ್‌ಸ್ಪೇಸ್‌ನಲ್ಲಿ 2.5 ಕೋಟಿ ಡಾಲರ್ ಹೂಡಿತು. ವರ್ಲ್ಡ್‌ಸ್ಪೇಸ್ ನಷ್ಟದಲ್ಲಿದೆ ಅಂತ ಪತ್ರಿಕೆಗಳಲ್ಲಿ ಬರುತ್ತಿದೆ. ಕಳೆದ ವಾರ ಫೋನಿನಲ್ಲಿ ಅಪ್ಪ ಕೇಳಿದರು: "ಇದು ನಿಂತುಹೋದರೆ ಈ ಡಬ್ಬ ಬೇರೆ ಯಾವುದಕ್ಕಾದರೂ ಬರುತ್ತೇನೋ?" ಬರುವುದಿಲ್ಲ ಅಂತ ನನಗೆ ಗೊತ್ತು. ಹೇಳಲು ಬಾಯಿ ಬರಲಿಲ್ಲ.

ಎಕ್ಸ್‌ಎಂ, ಸಿರಿಯಸ್ ಎರಡೂ ಇವತ್ತಿಗೂ ಒಂದು ವರ್ಷವೂ ಲಾಭ ನೋಡಿಲ್ಲ. ಉಪಗ್ರಹ ಹಾರಿಸುವುದು, ಅದು ಸವೆದಾಗ ಮತ್ತೊಂದು ಹಾರಿಸುವುದು ಸಣ್ಣ ಖರ್ಚಲ್ಲ. ಎಕ್ಸ್‌ಎಂನ ಮೊದಲ ಎರಡು, ರಾಕ್ ಮತ್ತು ರೋಲ್, ಅಂದುಕೊಂಡದ್ದಕ್ಕಿಂತ ಬೇಗ ಸೊರಗಿದವು. ರಿದಂ, ಬ್ಲೂಸ್ ಅಂತ ಇನ್ನೆರಡನ್ನು ಕಳಿಸಬೇಕಾಯಿತು. ವಿಲೀನ ತಡೆದು, ನಾಳೆ ಒಂದು ಕಂಪನಿ ಮುಳುಗಿ, ನನ್ನ ಕಾರಿನ ರೇಡಿಯೋ ಅಪ್ಪನ ಡಬ್ಬದ ಹಾಗೆ ಆಗುವುದು ನನಗೂ ಬೇಡ. ಆದ್ದರಿಂದ ಒಂದಾಗಲಿ. ಆದರೆ ಒಂದಾಗುವ ಲಾಭ ಅವರಿಗೆ ಶಾಶ್ವತವಾಗಿ, ನಮ್ಮ ರಕ್ಷಣೆ ಮೂರು ವರ್ಷಕ್ಕೆ ಮಾತ್ರ ಅನ್ನುವ ಲೆಕ್ಕವನ್ನು ದಯವಿಟ್ಟು ಒಪ್ಪಬೇಡಿ. ಅಡ್ವಾನ್ಸ್ ಕಟ್ಟಿದವರಿದ್ದಾರೆ. ಸಿರಿಯಸ್‌ನಲ್ಲಿ 499.99 ಡಾಲರ್ ಕೊಟ್ಟು ಆಜೀವ ಚಂದಾ ಕೊಂಡವರಿದ್ದಾರೆ. ಈಗ ಇರುವ ರೇಡಿಯೋಗಳು ಇನ್ನು ಎಷ್ಟು ವರ್ಷ ಹಾಡುತ್ತವೆ ಅನ್ನುವ ಖಾತರಿ ಅವರಿಗೆ ತಾರೀಕು ಸಮೇತ ಸಿಗಬೇಕು.

ಯಾವ ಹಾಡು ಹಾಕಬೇಕು, ಯಾವ ಚಾನೆಲ್ ಇಡಬೇಕು ಅಂತ ಸರ್ಕಾರ ಹೇಳಬಾರದು. ಅದು ನನಗೂ ಗೊತ್ತು, ನಾನು ಅದನ್ನು ಕೇಳುತ್ತಲೂ ಇಲ್ಲ. ನಾನು ಕೇಳುವುದು ಎಚ್ಚರಿಕೆ ಮತ್ತು ಬಾಗಿಲು. ಚಾನೆಲ್ ತೆಗೆಯುವ ಮುಂಚೆ ಎರಡು ತಿಂಗಳ ನೋಟಿಸ್ ಕೊಡಲಿ. ತೆಗೆದ ಮೇಲೆ ಬೇಡ ಅನ್ನುವವನಿಗೆ ದಂಡವಿಲ್ಲದೆ ಹೊರಗೆ ಹೋಗಲು ಬಿಡಲಿ. ಮುಂಗಡ ಕಟ್ಟಿದ ದುಡ್ಡಿನಲ್ಲಿ ಉಳಿದದ್ದನ್ನು ವಾಪಸು ಕೊಡಲಿ. ಸೇರಿಕೊಳ್ಳುವುದು ಎಷ್ಟು ಸುಲಭವೋ ಬಿಡುವುದೂ ಅಷ್ಟೇ ಸುಲಭ ಇರಲಿ. ಡಬ್ಬದಿಂದಾಗಿ ನಾವು ಪಕ್ಕದ ಅಂಗಡಿಗೆ ಹೋಗಲಾರೆವು, ಇನ್ನು ಮುಂದೆ ಪಕ್ಕದ ಅಂಗಡಿಯೇ ಇರುವುದಿಲ್ಲ. ಎದ್ದು ಹೋಗುವ ಹಕ್ಕೊಂದೇ ನಮಗೆ ಉಳಿಯುವುದು. ಅದನ್ನಾದರೂ ಗಟ್ಟಿ ಮಾಡಿ.

ಅಧ್ಯಕ್ಷರ ಷರತ್ತುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ನೂರಕ್ಕೆ 8ರಷ್ಟು ಜಾಗವನ್ನು, ಅಂದರೆ ಸುಮಾರು 24 ಚಾನೆಲ್‌ಗಳನ್ನು, ಲಾಭಕ್ಕಲ್ಲದ ಕಾರ್ಯಕ್ರಮಗಳಿಗೆ ಮತ್ತು ಅಲ್ಪಸಂಖ್ಯಾತ ಸಮುದಾಯಗಳವರ ಪ್ರಸಾರಕ್ಕೆ ಮೀಸಲಿಡುವುದು. ಅದನ್ನು ಯಾರಿಗೆ ಕೊಡಬೇಕು ಅಂತ ಕಂಪನಿಯೇ ಆರಿಸುವ ಹಾಗೆ ಮಾತ್ರ ಮಾಡಬೇಡಿ. ಅರ್ಜಿ ಹಾಕುವ ದಾರಿ ತೆರೆದಿರಲಿ. ಎಕ್ಸ್‌ಎಂನಲ್ಲಾಗಲೀ ಸಿರಿಯಸ್‌ನಲ್ಲಾಗಲೀ ಕನ್ನಡದ ಚಾನೆಲ್ ಒಂದೂ ಇಲ್ಲ. ಇಡೀ ಚಾನೆಲ್ ಕೇಳುವಷ್ಟು ಜನ ನಾವಿಲ್ಲ. ಆದರೆ ನಮ್ಮಂಥ ಹತ್ತು ಹದಿನೈದು ಭಾಷೆಗಳವರು ಸೇರಿ ಒಂದು ಚಾನೆಲ್ ಹಂಚಿಕೊಳ್ಳಬಹುದು. ವಾರಕ್ಕೆ ಎರಡು ಗಂಟೆ ಕನ್ನಡ ಬಂದರೂ ಸಾಕು. ಮಿನಿಸೋಟದ ಹಿಮದಲ್ಲೂ ಅರಿಜೋನಾದ ಮರಳಿನಲ್ಲೂ ಒಂದೇ ಹೊತ್ತಿಗೆ ನಮ್ಮವರು ಅದನ್ನು ಕೇಳುತ್ತಾರೆ. ಉಪಗ್ರಹ ಇರುವುದೇ ಅದಕ್ಕೆ.

ಕನ್ನಡದ ಗೆಳೆಯರೇ, ಆಗಸ್ಟ್ ಕೊನೆಗೆ ಶಿಕಾಗೋದಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ "ಅಕ್ಕ"ದ ಸಮ್ಮೇಳನ. ನಿಮ್ಮಲ್ಲಿ ಎಷ್ಟೋ ಜನ ಕಾರಿನಲ್ಲೇ ಬರುತ್ತೀರಿ, ಆ ರೇಡಿಯೋ ಕೇಳಿಕೊಂಡೇ ಬರುತ್ತೀರಿ. ಅಷ್ಟರೊಳಗೆ ಆಯೋಗದ ತೀರ್ಮಾನ ಬಂದುಬಿಡಬಹುದು. ಅದಕ್ಕೇ ಈ ವಾರವೇ ನಿಮ್ಮ ಬಿಲ್ ಒಮ್ಮೆ ಬಿಡಿಸಿ ನೋಡಿ. ನೀವು ಕೇಳುವ ಚಾನೆಲ್ ಯಾವುದು, ಅದರಂಥದ್ದು ಇನ್ನೊಂದು ಕಂಪನಿಯಲ್ಲೂ ಇದೆಯಾ ಅಂತ ನೋಡಿ. ಇದ್ದರೆ ಅದು ಅಪಾಯದಲ್ಲಿದೆ ಅಂದುಕೊಳ್ಳಿ. ಆಯೋಗಕ್ಕೆ ನಾಲ್ಕು ಸಾಲು ಬರೆಯಿರಿ, 07-57 ಅಂತ ಸಂಖ್ಯೆ ಹಾಕಿ. ನಿಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರಿಗೂ ಒಂದು ಪ್ರತಿ ಕಳಿಸಿ.

ಮಾನ್ಯರೇ, ಮುಂದಿನ ಬೇಸಿಗೆಯಲ್ಲಿ ಅಪ್ಪ ಮತ್ತೆ ಬರುತ್ತಾರೆ. ಓಹೇರ್‌ನಿಂದ ಹೊರಟ ಕೂಡಲೇ ಎಪ್ಪತ್ತೆರಡು ಹಾಕು ಅನ್ನುತ್ತಾರೆ. ಆಗ ಆ ಚಾನೆಲ್ ಅಲ್ಲಿ ಇರುತ್ತೋ ಇಲ್ಲವೋ. ಇಲ್ಲದಿದ್ದರೆ, ಅದು ಹೋಗುವ ಎರಡು ತಿಂಗಳ ಮುಂಚೆ ನನಗೆ ತಿಳಿದಿರಬೇಕು.

ಇಂತಿ ನಿಮ್ಮ ವಿಶ್ವಾಸಿ,
ಎರಡೂ ಕಂಪನಿಗಳ ಒಬ್ಬ ಚಂದಾದಾರ